ರಕ್ತದಾನಿಗಳಲ್ಲಿ ಜಿ6ಪಿಡಿ ಕೊರತೆ: ಎಷ್ಟು ಮಂದಿಗೆ ಇದ್ದೀತು, ಆ ರಕ್ತ ಯಾರಿಗೆ ಆಗದು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ನನಗೆ 34 ವರ್ಷ. ಕಾಲೇಜಿನಲ್ಲಿದ್ದಾಗಿನಿಂದ ವರ್ಷಕ್ಕೆ ಎರಡು ಸಲವಾದರೂ ರಕ್ತ ಕೊಡುತ್ತಿದ್ದೇನೆ. ಊರಿನ ಯುವಕ ಸಂಘದಿಂದ ಶಿಬಿರವನ್ನೂ ನಡೆಸುತ್ತೇವೆ. ಈಚೆಗೆ ತಂಗಿಗೆ ಗಂಡುಮಗು ಆಯಿತು. ಮೂರನೇ ದಿನ ಕಾಮಾಲೆ ಏರಿ, ನೀಲಿ ಬೆಳಕಿನ ಕೆಳಗೆ ಮಲಗಿಸಬೇಕಾಯಿತು. ಪರೀಕ್ಷೆ ಮಾಡಿಸಿದಾಗ ಮಗುವಿಗೆ ಜಿ6ಪಿಡಿ ಎಂಬ, ಕೆಂಪು ರಕ್ತಕಣವನ್ನು ಹಾನಿಯಿಂದ ಕಾಯುವ ಕಿಣ್ವದ ಕೊರತೆ ಇದೆ, ಇದು ತಾಯಿಯ ಕಡೆಯಿಂದ ಬರುವಂಥದ್ದು ಎಂದು ವೈದ್ಯರು ಹೇಳಿದರು. ಹಾಗಾದರೆ ಸೋದರಮಾವನಾದ ನನಗೂ ಇರಬಹುದೇ? ನಾನು ಕೊಟ್ಟ ರಕ್ತದಿಂದ ಯಾರಿಗಾದರೂ ತೊಂದರೆಯಾಗಿರಬಹುದೇ? ನಮ್ಮ ಜಿಲ್ಲೆಯ ದಾನಿಗಳಲ್ಲಿ ಎಷ್ಟು ಜನರಿಗೆ ಈ ಕೊರತೆ ಇರಬಹುದು? ಬ್ಲಡ್ ಬ್ಯಾಂಕಿನಲ್ಲಿ ಇದನ್ನು ಯಾಕೆ ಪರೀಕ್ಷಿಸುವುದಿಲ್ಲ?

ಉತ್ತರ: ಮೊದಲು ನಿಮ್ಮ ಮನಸ್ಸಿಗೆ ಹತ್ತಿರದ ಮಾತು. ನಿಮಗೆ ಈ ಕೊರತೆ ಇದ್ದರೂ, ಇದುವರೆಗೆ ಯಾವುದಾದರೂ ಔಷಧಿ ತೆಗೆದುಕೊಂಡಾಗ ಮೂತ್ರ ಕಪ್ಪಾಗಿ, ಮೈ ಬಿಳಿಚಿ, ಕಣ್ಣು ಹಳದಿಯಾದದ್ದು ಇಲ್ಲವಾದರೆ, ನೀವು ರಕ್ತ ಕೊಡುವುದನ್ನು ನಿಲ್ಲಿಸಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2012ರ ದಾನಿ ಆಯ್ಕೆಯ ಮಾರ್ಗಸೂಚಿ ಹೇಳುವುದೂ ಇದನ್ನೇ: ಕೊರತೆ ಇದ್ದು ರಕ್ತಕಣ ಒಡೆದ ಇತಿಹಾಸ ಇಲ್ಲದವರ ರಕ್ತವನ್ನು ತೆಗೆದುಕೊಳ್ಳಬಹುದು, ಆದರೆ ಅದನ್ನು ಗರ್ಭದಲ್ಲಿರುವ ಶಿಶುವಿಗೆ, ನವಜಾತ ಶಿಶುವಿಗೆ ಮತ್ತು ಇದೇ ಕೊರತೆ ಇರುವ ರೋಗಿಗೆ ಕೊಡಕೂಡದು. ಒಮ್ಮೆಯಾದರೂ ಹಾಗೆ ರಕ್ತಕಣ ಒಡೆದ ಅನುಭವ ಆಗಿದ್ದವರು ಮಾತ್ರ ರಕ್ತ ಕೊಡಬಾರದು. ಆದ್ದರಿಂದ ನಿಮ್ಮ ಮುಂದಿರುವ ಕೆಲಸ ಒಂದೇ: ಮುಂದಿನ ಶಿಬಿರಕ್ಕೆ ಮೊದಲು ಒಂದು ಸಲ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ರಕ್ತ ಕೇಂದ್ರದ ದಾಖಲೆಗೆ ಸೇರಿಸುವುದು.

ಈಗ ಸೋದರಮಾವನ ಲೆಕ್ಕ. ಈ ಕಿಣ್ವದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಸರಿಗೆ ಇರುವುದು ಒಂದೇ ಎಕ್ಸ್, ಅದು ತಾಯಿಯಿಂದ ಬರುತ್ತದೆ. ಅದರಲ್ಲಿ ದೋಷವಿದ್ದರೆ ಕೊರತೆ ಪೂರ್ತಿಯಾಗಿ ಕಾಣಿಸುತ್ತದೆ. ಹೆಂಗಸರಿಗೆ ಎರಡು ಎಕ್ಸ್. ಒಂದರಲ್ಲಿ ದೋಷವಿದ್ದರೆ ಅವರು ವಾಹಕಿಯರು. ಅಳಿಯನಿಗೆ ಕೊರತೆ ಇದೆ ಎಂದ ಮೇಲೆ ನಿಮ್ಮ ತಂಗಿ ವಾಹಕಿ ಎಂಬುದು ಬಹುಮಟ್ಟಿಗೆ ಖಚಿತ. ಆದರೆ ತಂಗಿಗೆ ಅದು ನಿಮ್ಮ ತಾಯಿಯಿಂದಲೇ ಬಂದಿರಬೇಕೆಂದಿಲ್ಲ; ತಂದೆಯ ಎಕ್ಸ್ ಕೂಡ ಮಗಳಿಗೆ ಹೋಗುತ್ತದೆ. ಎರಡಕ್ಕೂ ಸಾಧ್ಯತೆ ಸಮಸಮ. ತಂದೆಯಿಂದ ಬಂದಿದ್ದರೆ ನಿಮಗೆ ಬರುವ ಪ್ರಶ್ನೆಯೇ ಇಲ್ಲ, ಏಕೆಂದರೆ ತಂದೆ ನಿಮಗೆ ಕೊಟ್ಟದ್ದು ವೈ ವರ್ಣತಂತು. ತಾಯಿಯಿಂದ ಬಂದಿದ್ದರೆ ನಿಮಗೆ ಬಂದಿರುವ ಸಾಧ್ಯತೆ ಅರ್ಧ. ಒಟ್ಟಿಗೆ ಹೇಳುವುದಾದರೆ ಈಗ ನಿಮ್ಮ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. ನಿಮ್ಮ ತಂದೆಯ ರಕ್ತ ಪರೀಕ್ಷೆ ಮಾಡಿ ಅವರಿಗೆ ಕೊರತೆ ಇಲ್ಲವೆಂದು ಬಂದರೆ ಅದು ಎರಡರಲ್ಲಿ ಒಂದಕ್ಕೆ ಏರುತ್ತದೆ. ಅವರಿಗೇ ಇದೆ ಎಂದು ಬಂದರೆ ನೀವು ಊರಿನ ಬೇರೆ ಯಾವುದೇ ಗಂಡಸಿನಂತೆಯೇ. ನಿಮಗೆ ಕೊರತೆ ಇದ್ದ ಪಕ್ಷದಲ್ಲಿ ನಿಮ್ಮ ಗಂಡುಮಕ್ಕಳಿಗೆ ಅದು ನಿಮ್ಮಿಂದ ಹೋಗುವುದಿಲ್ಲ, ಹೆಣ್ಣುಮಕ್ಕಳೆಲ್ಲರೂ ವಾಹಕಿಯರಾಗುತ್ತಾರೆ.

ನಮ್ಮ ಕಡೆ ಇನ್ನೊಂದು ಮಾತು ಸೇರಿಸಿ ಹೇಳಲೇಬೇಕು. ಸೋದರಮಾವ, ಅತ್ತೆ ಮಗ, ಮಾವನ ಮಗಳು ಎಂದು ಸಂಬಂಧದೊಳಗೆ ಮದುವೆ ನಡೆಯುವ ಮನೆಗಳಲ್ಲಿ, ಕೊರತೆ ಇರುವ ಗಂಡ ಮತ್ತು ವಾಹಕಿಯಾದ ಹೆಂಡತಿ ಜೊತೆಯಾಗುವ ಸಾಧ್ಯತೆ ಹೆಚ್ಚು. ಆಗ ಅವರ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಗಂಡಸರಷ್ಟೇ ತೀವ್ರವಾದ ಕೊರತೆ ಬರುತ್ತದೆ. "ಇದು ಗಂಡುಮಕ್ಕಳ ಕಾಯಿಲೆ" ಎಂದು ಹೆಣ್ಣುಮಗುವಿನ ಪರೀಕ್ಷೆಯನ್ನು ಬಿಡುವುದು ಇಂಥ ಮನೆಗಳಲ್ಲಿ ತಪ್ಪು.

ಈ ಕಿಣ್ವ ಮಾಡುವ ಕೆಲಸವನ್ನು ಚಿಕ್ಕದಾಗಿ ಹೇಳುತ್ತೇನೆ. ಕೆಂಪು ರಕ್ತಕಣ ಇಡೀ ದಿನ ಆಮ್ಲಜನಕ ಹೊರುತ್ತದೆ. ಆ ಆಮ್ಲಜನಕದಿಂದಲೇ, ಕೆಲವು ಔಷಧಿಗಳಿಂದಲೂ, ಕಣದೊಳಗೆ ಉತ್ಕರ್ಷಣದ ಹಾನಿ ಆಗುತ್ತಿರುತ್ತದೆ. ಅದನ್ನು ತಡೆಯುವುದು ಗ್ಲುಟಾಥಯೋನ್, ಅದನ್ನು ಮತ್ತೆ ಮತ್ತೆ ಕೆಲಸಕ್ಕೆ ಸಿದ್ಧಪಡಿಸುವುದು ಎನ್‌ಎಡಿಪಿಎಚ್ ಎಂಬ ಅಣು. ಬೇರೆ ಜೀವಕೋಶಗಳಿಗೆ ಎನ್‌ಎಡಿಪಿಎಚ್ ತಯಾರಿಸಲು ಹಲವು ದಾರಿಗಳಿವೆ. ಮೈಟೋಕಾಂಡ್ರಿಯಾ ಇಲ್ಲದ ಕೆಂಪು ಕಣಕ್ಕೆ ಗ್ಲುಕೋಸ್-6-ಫಾಸ್ಫೇಟ್ ಡೀಹೈಡ್ರೋಜಿನೇಸ್, ಅಂದರೆ ಜಿ6ಪಿಡಿ, ನಡೆಸುವ ದಾರಿಯೊಂದೇ ಗತಿ. ಕಣಕ್ಕೆ ನ್ಯೂಕ್ಲಿಯಸ್ಸೂ ಇಲ್ಲದ ಕಾರಣ ಸವೆದ ಕಿಣ್ವವನ್ನು ಹೊಸದಾಗಿ ಮಾಡಿಕೊಳ್ಳಲಾಗದು. ಹೀಗಾಗಿ ಸುಮಾರು 120 ದಿನ ಬದುಕುವ ಕಣದಲ್ಲಿ ವಯಸ್ಸಾದಂತೆ ಕಿಣ್ವ ಇಳಿಯುತ್ತ ಹೋಗುತ್ತದೆ. ಮುಂದೆ ಹೇಳುವ ಎರಡು ವಿಷಯಗಳಿಗೆ, ಅಂದರೆ ಪರೀಕ್ಷೆ ತಪ್ಪಾಗುವುದಕ್ಕೂ ಬ್ಯಾಗಿನಲ್ಲಿಟ್ಟ ರಕ್ತ ಸೊರಗುವುದಕ್ಕೂ, ಇದೇ ಮೂಲ.

ಎಷ್ಟು ಜನರಿಗಿದೆ ಎಂಬ ಪ್ರಶ್ನೆಗೆ ಬರೋಣ. ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಲ್ಲಿ ಈ ಕೊರತೆ ಇದೆ ಎಂಬುದು ಬಹಳ ಕಾಲದಿಂದ ಬಳಕೆಯಲ್ಲಿರುವ ಅಂದಾಜು. ಭಾರತದಲ್ಲಿ ಸಮುದಾಯದಿಂದ ಸಮುದಾಯಕ್ಕೆ ಅಂತರ ತುಂಬಾ ದೊಡ್ಡದು: ಕೆಲವರಲ್ಲಿ ಸೊನ್ನೆಗೆ ಹತ್ತಿರ, ಕೆಲವರಲ್ಲಿ ಶೇ 27ರವರೆಗೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಬಗೆಗಳು ಮೂರು: ಮೆಡಿಟರೇನಿಯನ್, ಕೇರಳ-ಕಲ್ಯಾಣ್ ಮತ್ತು ಒರಿಸ್ಸಾ. ಒರಿಸ್ಸಾ ಬಗೆ ಹಲವು ಬುಡಕಟ್ಟುಗಳಲ್ಲಿ ಹೆಚ್ಚು, ಸ್ವಲ್ಪ ಸೌಮ್ಯ. ಮೆಡಿಟರೇನಿಯನ್ ಬಗೆಯಲ್ಲಿ ಕಿಣ್ವ ಸಾಮಾನ್ಯದ ಶೇ 10ಕ್ಕಿಂತಲೂ ಕೆಳಗಿರುತ್ತದೆ. ಮಲೇರಿಯಾ ಬಹುಕಾಲ ಕಾಡಿದ ಪ್ರದೇಶಗಳಲ್ಲಿ ಈ ಜೀನ್ ಉಳಿದುಕೊಂಡು ಬಂದಿದೆ, ಏಕೆಂದರೆ ಅದು ಮಾರಕ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಕೊಡುತ್ತದೆ. ಮಲೆನಾಡು ಒಂದು ಕಾಲದಲ್ಲಿ ಚಳಿಜ್ವರಕ್ಕೆ ಹೆಸರಾಗಿದ್ದ ಸೀಮೆಯೇ. ಆದರೆ ಅದರಿಂದ "ಇಲ್ಲಿ ಹೆಚ್ಚಿರಲೇಬೇಕು" ಎಂದು ತೀರ್ಮಾನಿಸಲಾಗದು. ಘಟ್ಟದ ಕೆಳಗಿನಿಂದ ಬಂದವರು, ಬಯಲುಸೀಮೆಯಿಂದ ಬಂದವರು, ಅಣೆಕಟ್ಟು ಕಟ್ಟುವಾಗ ಬಂದು ನೆಲೆಸಿದವರು, ತಮ್ಮೊಳಗೇ ಮದುವೆಯಾಗುವ ಸಣ್ಣ ಸಮುದಾಯಗಳು ಎಲ್ಲ ಒಂದೇ ತಾಲ್ಲೂಕಿನಲ್ಲಿರುವಾಗ, ಬೇರೆ ಊರಿನ ಅಂಕಿಯನ್ನು ತಂದು ಸಾಗರಕ್ಕೋ ಸೊರಬಕ್ಕೋ ಅಂಟಿಸುವುದು ಸರಿಯಲ್ಲ. ಎಣಿಸಿಯೇ ನೋಡಬೇಕು.

ಎಣಿಸುವಾಗ ದಾನಿಗಳ ಅಂಕಿ ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಮಟ್ಟಿಗೆ ಈ ವಿಷಯದ ಬಹು ಮುಖ್ಯ ಭಾಗ. ನಮ್ಮಲ್ಲಿ ರಕ್ತ ಕೊಡುವ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಗಂಡಸರು. ಒಂದು ಊರಿನ ಗಂಡಸರಲ್ಲಿ ಶೇ 5 ಮಂದಿಗೆ ಕೊರತೆ ಇದೆ ಎಂದಿಟ್ಟುಕೊಳ್ಳಿ. ಅದೇ ಊರಿನ ಹೆಂಗಸರಲ್ಲಿ ಪೂರ್ಣ ಕೊರತೆ ಇರುವವರು ಶೇ 0.25 ಮಾತ್ರ, ವಾಹಕಿಯರು ಶೇ 9.5. ಊರಿನ ಗಂಡಸರು ಹೆಂಗಸರು ಎಲ್ಲರನ್ನೂ ಎಣಿಸಿದರೆ ಪೂರ್ಣ ಕೊರತೆ ಸುಮಾರು ಶೇ 2.6. ಅದೇ ಊರಿನಲ್ಲಿ 95 ಗಂಡಸರು, 5 ಹೆಂಗಸರು ಬಂದ ಶಿಬಿರದಲ್ಲಿ ಎಣಿಸಿದರೆ ಸುಮಾರು ಶೇ 4.8. ಜೀನ್ ಅದೇ, ಊರು ಅದೇ, ಅಂಕಿ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. ಆದ್ದರಿಂದ ದಾನಿಗಳ ಅಧ್ಯಯನವನ್ನು ಓದುವಾಗ ಒಟ್ಟು ಶೇಕಡಾವಾರನ್ನು ಪಕ್ಕಕ್ಕಿಟ್ಟು, ಗಂಡಸರ ಅಂಕಿ ಎಷ್ಟು, ಹೆಂಗಸರ ಅಂಕಿ ಎಷ್ಟು ಎಂದು ಬೇರೆಬೇರೆ ನೋಡಬೇಕು. ಹಾಗೆ ಬೇರ್ಪಡಿಸದ ವರದಿಯನ್ನು ಜಿಲ್ಲೆಯ ಜನಸಂಖ್ಯೆಗೆ ಅನ್ವಯಿಸಲು ಬರುವುದಿಲ್ಲ.

ಶಿಬಿರಕ್ಕೆ ಯಾರು ಬರುತ್ತಾರೆ ಎಂಬುದೂ ಮುಖ್ಯ. 18ರಿಂದ 65 ವರ್ಷ, ಕನಿಷ್ಠ 45 ಕೆ.ಜಿ. ತೂಕ, ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇದ್ದವರಷ್ಟೇ ಒಳಗೆ ಹೋಗುತ್ತಾರೆ. ಈ ಜರಡಿಯಲ್ಲಿ ಜಿ6ಪಿಡಿ ಕೊರತೆಯವರು ಬಿದ್ದುಹೋಗುತ್ತಾರೆ ಎಂದು ಹಲವರು ತಿಳಿದಿದ್ದಾರೆ, ಹಾಗಿಲ್ಲ. ಪ್ರಚೋದಕ ವಸ್ತು ದೇಹಕ್ಕೆ ಹೋಗದಿರುವಾಗ ಅವರ ಹಿಮೋಗ್ಲೋಬಿನ್ ಸಾಮಾನ್ಯವಾಗಿಯೇ ಇರುತ್ತದೆ, ಹಿಮೋಗ್ಲೋಬಿನ್ ನೋಡಲು ಬಳಸುವ ಮೈಲುತುತ್ತದ ದ್ರಾವಣದಲ್ಲಿ ರಕ್ತದ ಹನಿ ಎಲ್ಲರದರಂತೆಯೇ ಮುಳುಗುತ್ತದೆ. ಜರಡಿ ಹಿಡಿಯುವುದೇನಿದ್ದರೂ ಪ್ರಶ್ನಾವಳಿಯ ಕಾಮಾಲೆಯ ಸಾಲಿನಲ್ಲಿ. ಅಲ್ಲೂ ಒಂದು ಗೊಂದಲವಿದೆ. ನಮ್ಮ ಹಳ್ಳಿಗಳಲ್ಲಿ ಕಣ್ಣು ಹಳದಿಯಾದರೆ ಎಲ್ಲವೂ "ಕಾಮಾಲೆ", ಎಲ್ಲದಕ್ಕೂ ನಾಟಿ ಔಷಧಿ. ಪಿತ್ತಜನಕಾಂಗದ ಕಾಮಾಲೆ ಹಸಿವು ಕಟ್ಟಿಸಿ, ನಿಧಾನವಾಗಿ ಏರಿ, ವಾರಗಟ್ಟಲೆ ಉಳಿಯುತ್ತದೆ. ರಕ್ತಕಣ ಒಡೆದು ಬರುವುದು ಔಷಧಿ ತೆಗೆದುಕೊಂಡ ಒಂದರಿಂದ ಮೂರು ದಿನಗಳೊಳಗೆ ಥಟ್ಟನೆ ಬರುತ್ತದೆ. ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗುತ್ತದೆ, ಸೊಂಟ ನೋಯುತ್ತದೆ, ಮುಖ ಬಿಳಿಚುತ್ತದೆ, ನಡೆದರೆ ಏದುಸಿರು. ಶಿಬಿರದಲ್ಲಿ ಫಾರಂ ತುಂಬಿಸುವ ನಿಮ್ಮ ಸಂಘದವರು "ಕಾಮಾಲೆ ಆಗಿತ್ತಾ?" ಎಂದು ಕೇಳಿ ಬಿಡದೆ "ಯಾವ ಔಷಧಿ ತಗೊಂಡ ಮೇಲೆ ಆಯ್ತು? ಮೂತ್ರ ಕಪ್ಪಗಿತ್ತಾ?" ಎಂದು ಇನ್ನೆರಡು ಪ್ರಶ್ನೆ ಕೇಳಿದರೆ ಎಷ್ಟೋ ವಿಷಯ ಹೊರಬರುತ್ತದೆ.

ಜಿಲ್ಲೆಯ ಮಟ್ಟದಲ್ಲಿ ಎಣಿಸಲು ಎಷ್ಟು ದಾನಿಗಳು ಬೇಕು? ನೂರು ಜನರನ್ನು ಪರೀಕ್ಷಿಸಿ ಮೂವರಿಗೆ ಕೊರತೆ ಕಂಡರೆ "ಶೇ 3" ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಆ ಮೂರರ ಹಿಂದಿನ ನಿಜವಾದ ಪ್ರಮಾಣ ಶೇ 1ರಿಂದ ಶೇ 8.5ರವರೆಗೆ ಎಲ್ಲಿಯಾದರೂ ಇರಬಹುದು. 500 ಜನರಲ್ಲಿ 15 ಮಂದಿಗೆ ಕಂಡರೆ ಆ ಹರವು ಶೇ 1.8ರಿಂದ 4.9ಕ್ಕೆ ಕಿರಿದಾಗುತ್ತದೆ. ಶೇ 3ರ ಆಸುಪಾಸಿನಲ್ಲಿ ಅತ್ತಿತ್ತ ಶೇ 1ರೊಳಗೆ ಹೇಳಬೇಕೆಂದರೆ ಸುಮಾರು 1,120 ಗಂಡಸರ ರಕ್ತ ಬೇಕು. ಒಬ್ಬ ದಾನಿಯನ್ನು ಒಂದೇ ಸಲ ಎಣಿಸಬೇಕು. ವರ್ಷದಲ್ಲಿ ಮೂರು ಸಲ ಬಂದವರನ್ನು ಮೂರು ಜನ ಎಂದು ಎಣಿಸಿದರೆ ಲೆಕ್ಕ ಕೆಡುತ್ತದೆ. ಶಿಬಿರ ನಡೆದ ಜಾಗದ ಬದಲು ದಾನಿಯ ಮೂಲ ಊರು ಬರೆದುಕೊಳ್ಳಬೇಕು, ಏಕೆಂದರೆ ಶಿವಮೊಗ್ಗದ ಕಾಲೇಜು ಶಿಬಿರದಲ್ಲಿ ಸಾಲು ನಿಂತ ಹುಡುಗರಲ್ಲಿ ಎಷ್ಟೋ ಜನ ಬೇರೆ ಜಿಲ್ಲೆ, ಬೇರೆ ರಾಜ್ಯದವರು. ಹೊಸನಗರ, ತೀರ್ಥಹಳ್ಳಿ, ಸೊರಬದ ಹಳ್ಳಿ ಶಿಬಿರಗಳು ಸೇರದಿದ್ದರೆ ಅದು ಮಲೆನಾಡಿನ ಎಣಿಕೆಯೇ ಆಗುವುದಿಲ್ಲ.

ಪರೀಕ್ಷೆಗೆ ದಾನಿಗೆ ಎರಡನೇ ಸಲ ಸೂಜಿ ಚುಚ್ಚಬೇಕಾಗಿಲ್ಲ. ರಕ್ತ ಕೊಡುವಾಗ ಉಳಿದ ಪರೀಕ್ಷೆಗಳಿಗೆಂದು ತೆಗೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನ 2 ಮಿ.ಲೀ. ರಕ್ತ ಸಾಕು. ಹೆಚ್ಚು ಬಳಕೆಯಲ್ಲಿರುವುದು ಪ್ರತಿದೀಪ್ತಿ ಚುಕ್ಕೆ ಪರೀಕ್ಷೆ. ಗ್ಲುಕೋಸ್-6-ಫಾಸ್ಫೇಟ್, ಎನ್‌ಎಡಿಪಿ, ಕಣವನ್ನು ಒಡೆಯುವ ಸಪೋನಿನ್ ಮತ್ತು ಉತ್ಕರ್ಷಿತ ಗ್ಲುಟಾಥಯೋನ್ ಇರುವ ದ್ರಾವಣವನ್ನು, ಕಿಟ್‌ಗೆ ತಕ್ಕಂತೆ 100ರಿಂದ 200 ಮೈಕ್ರೋಲೀಟರ್ ತೆಗೆದುಕೊಂಡು, ಅದಕ್ಕೆ 10 ಮೈಕ್ರೋಲೀಟರ್ ರಕ್ತ ಬೆರೆಸುತ್ತಾರೆ. ಬೆರೆಸಿದ ಕೂಡಲೇ ಒಂದು ಹನಿಯನ್ನು ವಾಟ್‌ಮನ್ 1ನೇ ನಂಬರಿನ ಸೋಸುಕಾಗದದ ಮೇಲೆ ಇಡಬೇಕು. 5 ನಿಮಿಷಕ್ಕೆ ಇನ್ನೊಂದು, 10 ನಿಮಿಷಕ್ಕೆ ಮತ್ತೊಂದು. ಕಾಗದ ಒಣಗಿದ ಮೇಲೆ ಕತ್ತಲೆ ಕೋಣೆಯಲ್ಲಿ 365 ನ್ಯಾನೋಮೀಟರಿನ ಅತಿನೇರಳೆ ದೀಪದ ಕೆಳಗೆ ಹಿಡಿಯುತ್ತಾರೆ. ಕಿಣ್ವ ಸರಿಯಿದ್ದರೆ ಎನ್‌ಎಡಿಪಿಎಚ್ ಹುಟ್ಟಿ, 5 ಮತ್ತು 10 ನಿಮಿಷದ ಚುಕ್ಕೆಗಳು ನೀಲಿ-ಬಿಳಿಯಾಗಿ ಹೊಳೆಯುತ್ತವೆ. ಕೊರತೆ ಇದ್ದರೆ ಮೂರೂ ಚುಕ್ಕೆಗಳು ಕಪ್ಪು. ಉತ್ಕರ್ಷಿತ ಗ್ಲುಟಾಥಯೋನ್ ಸೇರಿಸುವುದಕ್ಕೆ ಕಾರಣವಿದೆ: ಅರೆಬರೆ ಕಿಣ್ವ ಇರುವ ರಕ್ತದಲ್ಲಿ ಹುಟ್ಟಿದ ಅಲ್ಪಸ್ವಲ್ಪ ಎನ್‌ಎಡಿಪಿಎಚ್‌ ಅನ್ನು ಅದು ಬಳಸಿಹಾಕುತ್ತದೆ, ಹಾಗಾಗಿ ಮಸುಕು ಹೊಳಪು ಮೋಸ ಮಾಡುವುದಿಲ್ಲ.

ಮಲೆನಾಡಿನ ಮಳೆಗಾಲ ಈ ಸರಳ ಪರೀಕ್ಷೆಯನ್ನೂ ಕೆಡಿಸಬಲ್ಲದು. ಆಷಾಢದಲ್ಲಿ ಕಾಗದ ಬೇಗ ಒಣಗುವುದಿಲ್ಲ. ಹಸಿ ಚುಕ್ಕೆಯಲ್ಲಿ ಹಿಮೋಗ್ಲೋಬಿನ್ ಹೊಳಪನ್ನು ನುಂಗಿಬಿಡುತ್ತದೆ, ಸರಿಯಾದ ರಕ್ತವೂ ಕೊರತೆಯಂತೆ ಕಾಣುತ್ತದೆ. ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿದ ಮೇಲೆಯೇ ಓದಬೇಕು. ಪುಡಿಯ ರೂಪದ ಕಾರಕದ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದ ತಕ್ಷಣ ತೆರೆದರೆ ಒಳಗೆ ತೇವ ಕಟ್ಟುತ್ತದೆ, ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆಯಬೇಕು. ಹಳ್ಳಿ ಶಿಬಿರದಿಂದ ತರುವ ಟ್ಯೂಬುಗಳು 2ರಿಂದ 8 ಡಿಗ್ರಿಯಲ್ಲಿರಬೇಕು, ಆದರೆ ಐಸ್ ಪ್ಯಾಕಿಗೆ ನೇರವಾಗಿ ತಾಗಿದರೆ ರಕ್ತ ಮಂಜುಗಟ್ಟಿ ಕಣ ಒಡೆಯುತ್ತದೆ. ನಡುವೆ ಒಂದು ಪದರ ಬಟ್ಟೆ ಅಥವಾ ರಟ್ಟು ಇರಲಿ. ಪ್ರತಿ ಸರದಿಯಲ್ಲೂ ಕಿಣ್ವ ಸರಿಯಿದೆ ಎಂದು ಗೊತ್ತಿರುವ ಒಂದು ರಕ್ತ, ಕೊರತೆ ಇದೆ ಎಂದು ಗೊತ್ತಿರುವ ಒಂದು ರಕ್ತ ಜೊತೆಗಿಟ್ಟು ಓದಬೇಕು. ದೀಪ ಮಂಕಾದದ್ದು, ಕಾರಕ ಹಳಸಿದ್ದು ಗೊತ್ತಾಗುವುದು ಇದರಿಂದಲೇ.

ಇದಕ್ಕಿಂತ ಆಳವಾದ ತಪ್ಪುಗಳು ರಕ್ತದಲ್ಲಿಯೇ ಇರುತ್ತವೆ. ಔಷಧಿಯಿಂದ ಕಣ ಒಡೆದು ಆಸ್ಪತ್ರೆ ಸೇರಿದವರನ್ನು ಅದೇ ವಾರ ಪರೀಕ್ಷಿಸಿದರೆ "ಸಾಮಾನ್ಯ" ಎಂದು ಬರಬಹುದು. ಕಿಣ್ವ ಕಡಿಮೆಯಿದ್ದ ಮುದಿ ಕಣಗಳು ಆಗಲೇ ನಾಶವಾಗಿವೆ, ಉಳಿದಿರುವುದು ಕಿಣ್ವ ಹೆಚ್ಚಿರುವ ಎಳೆಯ ಕಣಗಳು. ಮೂರು ತಿಂಗಳು ಬಿಟ್ಟು ಮತ್ತೆ ನೋಡಬೇಕು. ಈಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಪರೀಕ್ಷೆ ತೋರಿಸುವುದು ದಾನಿಯ ಕಿಣ್ವವನ್ನು. ಮೂರನೆಯದು ವಾಹಕಿಯರ ಸಮಸ್ಯೆ: ಅವರ ದೇಹದಲ್ಲಿ ಎರಡು ಬಗೆಯ ಕಣಗಳೂ ಬೆರೆತಿರುತ್ತವೆ, ಯಾವುದು ಎಷ್ಟು ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಚುಕ್ಕೆ ಪರೀಕ್ಷೆ ನಂಬಿಕೆಯಿಂದ ಹಿಡಿಯುವುದು ಕಿಣ್ವ ಶೇ 30ಕ್ಕಿಂತ ಕೆಳಗಿದ್ದವರನ್ನು. ಶೇ 50 ಇರುವ ವಾಹಕಿಯ ಚುಕ್ಕೆ ಚೆನ್ನಾಗಿಯೇ ಹೊಳೆಯುತ್ತದೆ. ಆದ್ದರಿಂದ ನಿಮ್ಮ ತಂಗಿಗೆ ಚುಕ್ಕೆ ಪರೀಕ್ಷೆಯಲ್ಲಿ "ಸಾಮಾನ್ಯ" ಎಂದು ಬಂದರೆ ಅದನ್ನು ನಂಬಿ ಸುಮ್ಮನಾಗಬೇಡಿ. ಅವರಿಗೆ ಪ್ರತಿ ಗ್ರಾಂ ಹಿಮೋಗ್ಲೋಬಿನ್‌ಗೆ ಎಷ್ಟು ಯೂನಿಟ್ ಕಿಣ್ವ ಎಂದು ಅಳೆಯುವ ಪರೀಕ್ಷೆಯೇ ಬೇಕು, ಕೆಲವೊಮ್ಮೆ ಜೀನ್ ಪರೀಕ್ಷೆಯೂ. ಅಳತೆಯ ಪರೀಕ್ಷೆಯಲ್ಲಿ ಊರಿನ ಗಂಡಸರ ನಡುವಿನ ಮೌಲ್ಯವನ್ನು, ತೀರಾ ಕಡಿಮೆ ಇರುವವರನ್ನು ಬಿಟ್ಟು, ಶೇ 100 ಎಂದು ಹಿಡಿಯುತ್ತಾರೆ. ಶೇ 30ರ ಕೆಳಗೆ ಕೊರತೆ, 30ರಿಂದ 70 ಮಧ್ಯಮ, 70ರ ಮೇಲೆ ಸಾಮಾನ್ಯ. ಎರಡು ಅಧ್ಯಯನಗಳ ಅಂಕಿ ಹೋಲಿಸುವಾಗ, ಒಂದರಲ್ಲಿ ಚುಕ್ಕೆ ಪರೀಕ್ಷೆ, ಇನ್ನೊಂದರಲ್ಲಿ ಶೇ 70ರ ಗೆರೆ ಇದ್ದರೆ ಆ ಹೋಲಿಕೆಗೆ ಅರ್ಥವಿಲ್ಲ.

ನೀವು ಕೊಟ್ಟ ರಕ್ತದ ಗತಿ ಏನಾಗಿದ್ದೀತು ಎಂಬ ಪ್ರಶ್ನೆ. ಒಂದು ಬ್ಯಾಗ್ ರಕ್ತವನ್ನು ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬಿಡಿಸುತ್ತಾರೆ. ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳಿಗೆ ಈ ಕೊರತೆಯಿಂದ ಏನೂ ಬಾಧಕವಿಲ್ಲ. ಕೆಂಪು ಕಣಗಳನ್ನು 2ರಿಂದ 6 ಡಿಗ್ರಿಯಲ್ಲಿ, ಸಿಪಿಡಿಎ ದ್ರಾವಣದಲ್ಲಾದರೆ 35 ದಿನ, ಎಸ್‌ಎಜಿಎಂ ದ್ರಾವಣದಲ್ಲಾದರೆ 42 ದಿನ ಇಡಬಹುದು. ಅಲ್ಲಿ ಇಟ್ಟಷ್ಟು ದಿನವೂ ಉತ್ಕರ್ಷಣದ ಹಾನಿ ನಡೆದೇ ಇರುತ್ತದೆ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 42 ದಿನ ಇಟ್ಟ ರಕ್ತವನ್ನು ಅದೇ ದಾನಿಗೆ ಹಿಂತಿರುಗಿಸಿ 24 ಗಂಟೆಗಳ ನಂತರ ಎಷ್ಟು ಕಣ ಉಳಿದಿವೆ ಎಂದು ನೋಡಿದರು. ಸಾಮಾನ್ಯ ದಾನಿಗಳಲ್ಲಿ ಸರಾಸರಿ ಶೇ 85, ಕೊರತೆ ಇದ್ದವರಲ್ಲಿ ಶೇ 78ರ ಸುಮಾರು. ವ್ಯತ್ಯಾಸ ಇದೆ, ಆದರೂ ಅಲ್ಲಿ ಒಪ್ಪಿತವಾದ ಶೇ 75ರ ಗೆರೆಯ ಮೇಲೆಯೇ ಇದೆ. ಶಸ್ತ್ರಚಿಕಿತ್ಸೆಗೋ ಹೆರಿಗೆಯ ರಕ್ತಸ್ರಾವಕ್ಕೋ ಒಂದು ಬ್ಯಾಗ್ ಪಡೆದ ವಯಸ್ಕರಲ್ಲಿ ಇದು ಹಿಮೋಗ್ಲೋಬಿನ್ ನಿರೀಕ್ಷೆಗಿಂತ ತುಸು ಕಡಿಮೆ ಏರುವುದಾಗಿ ಕಾಣಬಹುದು, ಅಷ್ಟೇ. ಅದರಿಂದ ಯಾರಿಗೋ ಕೇಡಾಯಿತೆಂದು ನೀವು ಕೊರಗುವ ಅಗತ್ಯವಿಲ್ಲ.

ಹಸುಗೂಸಿನ ವಿಷಯ ಮಾತ್ರ ಬೇರೆ. ಕಾಮಾಲೆ ಮಿತಿಮೀರಿದಾಗ ಮಗುವಿನ ರಕ್ತವನ್ನು ಬದಲಾಯಿಸುತ್ತಾರೆ. ಪ್ರತಿ ಕೆ.ಜಿ. ತೂಕಕ್ಕೆ 160ರಿಂದ 170 ಮಿ.ಲೀ., ಅಂದರೆ 3 ಕೆ.ಜಿ.ಯ ಮಗುವಿಗೆ ಸುಮಾರು 500 ಮಿ.ಲೀ. ಸ್ವಲ್ಪಸ್ವಲ್ಪವೇ ತೆಗೆದು ಸ್ವಲ್ಪಸ್ವಲ್ಪವೇ ಹಾಕಿ ಮುಗಿಸುವಷ್ಟರಲ್ಲಿ ಆ ಮಗುವಿನ ಮೈಯಲ್ಲಿ ಓಡುವ ಕೆಂಪು ಕಣಗಳಲ್ಲಿ ಶೇ 85ರಷ್ಟು ದಾನಿಯವು. ಅವುಗಳಲ್ಲಿ ಕಿಣ್ವವಿಲ್ಲದೆ ಬೇಗ ಒಡೆದರೆ, ಇಳಿಸಲೆಂದು ಹೊರಟ ಬಿಲಿರುಬಿನ್ (ಕಾಮಾಲೆ ತರುವ ಹಳದಿ ವಸ್ತು) ಮತ್ತೆ ಏರುತ್ತದೆ. ಅದು ಮಿದುಳಿಗೆ ಇಳಿದರೆ ಜೀವನಪೂರ್ತಿ ಕಿವುಡು, ಕೈಕಾಲು ಸೆಟೆಯುವಿಕೆ ಉಳಿದುಬಿಡಬಹುದು. ಕೊರತೆ ಇರುವ ದಾನಿಯ ರಕ್ತ ಹಾಕಿದ ನಂತರ ಶಿಶುಗಳಲ್ಲಿ ರಕ್ತಕಣ ತೀವ್ರವಾಗಿ ಒಡೆದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ. ಇನ್ನು ಹುಟ್ಟಿನಿಂದಲೇ ಈ ಕೊರತೆ ಇರುವ ಮಗುವಿಗೆ, ಅದೇ ಕೊರತೆಯ ರಕ್ತವನ್ನೇ ಬದಲಾಯಿಸಿ ಹಾಕಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಇಲ್ಲೊಂದು ಎಚ್ಚರಿಕೆ ನಿಮ್ಮ ಮನೆಗೇ ಅನ್ವಯಿಸುತ್ತದೆ: ಅಳಿಯನಿಗೆ ರಕ್ತ ಬೇಕಾದರೆ ಮೊದಲು ಓಡಿ ಬರುವವರು ಸೋದರಮಾವಂದಿರೇ. ಪರೀಕ್ಷೆಯಾಗದ ನಿಮ್ಮ ರಕ್ತ ಆ ಮಗುವಿಗೆ ಬೇಡ.

ಹಾಗಾದರೆ ಎಲ್ಲ ದಾನಿಗಳನ್ನೂ ಯಾಕೆ ಪರೀಕ್ಷಿಸುವುದಿಲ್ಲ? ನಮ್ಮ ದೇಶದಲ್ಲಿ ಪ್ರತಿ ಬ್ಯಾಗಿಗೂ ಕಡ್ಡಾಯವಾಗಿರುವುದು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ ಪರೀಕ್ಷೆಗಳು. ಇವು ಸೋಂಕುಗಳು, ಪಡೆಯುವ ಯಾರಿಗೇ ಆದರೂ ಅಪಾಯ. ಜಿ6ಪಿಡಿ ಹಾಗಲ್ಲ; ಬಹುಪಾಲು ರೋಗಿಗಳಿಗೆ ಆ ರಕ್ತ ಉಪಯುಕ್ತವೇ. ಕೊರತೆಯವರನ್ನೆಲ್ಲ ಸಾರಾಸಗಟಾಗಿ ದೂರವಿಟ್ಟರೆ ರಕ್ತದ ಅಭಾವವಿರುವ ಜಿಲ್ಲೆಗೆ ನಷ್ಟವೇ ಹೆಚ್ಚು. ನಮ್ಮ ದೃಢವಾದ ಅಭಿಪ್ರಾಯ: ಎಲ್ಲ ಬ್ಯಾಗುಗಳ ಪರೀಕ್ಷೆ ಬೇಡ, ಆದರೆ ನವಜಾತ ಶಿಶುವಿನ ರಕ್ತ ಬದಲಾವಣೆಗೆ ಹೋಗುವ ಒಂದು ಬ್ಯಾಗೂ ಪರೀಕ್ಷೆಯಿಲ್ಲದೆ ಹೋಗಬಾರದು. ಇದು ಕಷ್ಟದ ಕೆಲಸವೂ ಅಲ್ಲ. ಎಚ್‌ಐವಿ ಪರೀಕ್ಷೆ ಪ್ರತಿ ಸಲವೂ ಬೇಕು, ಜಿ6ಪಿಡಿ ಜೀನ್ ಬದಲಾಗುವುದಿಲ್ಲವಾದ್ದರಿಂದ ದಾನಿಗೆ ಜೀವಮಾನದಲ್ಲಿ ಒಂದು ಸರಿಯಾದ ಪರೀಕ್ಷೆ ಸಾಕು. ಕರೆದಾಗ ಬರುವ ಓ ಗುಂಪಿನ ನಲವತ್ತೈವತ್ತು ದಾನಿಗಳನ್ನು ಒಮ್ಮೆ ಪರೀಕ್ಷಿಸಿ ಪಟ್ಟಿ ಇಟ್ಟುಕೊಂಡರೆ, ರಾತ್ರಿ ಎರಡು ಗಂಟೆಗೆ ಮಗುವಿಗೆ 5 ದಿನದೊಳಗಿನ ತಾಜಾ ರಕ್ತ ಬೇಕೆಂದು ಕರೆ ಬಂದಾಗ ಯಾರಿಗೆ ಫೋನ್ ಮಾಡಬೇಕೆಂದು ಗೊತ್ತಿರುತ್ತದೆ. ಇಂಥ ಪಟ್ಟಿ ಕಟ್ಟುವುದಕ್ಕೆ ನಿಮ್ಮ ಸಂಘದಂಥವರೇ ಬೇಕು. ಸಮೀಪದ ರಕ್ತ ಕೇಂದ್ರದ ವೈದ್ಯಾಧಿಕಾರಿಯೊಡನೆ ಕೂತು ಮಾತಾಡಿ.

ನಿಮಗೆ ಕೊರತೆ ಇದೆ ಎಂದೇ ಬಂದರೆ, ಅಳಿಯನಿಗಂತೂ ಇದ್ದೇ ಇದೆ, ದಿನನಿತ್ಯ ಎಚ್ಚರವಿರಬೇಕಾದದ್ದು ಕೆಲವೇ ವಿಷಯಗಳಲ್ಲಿ. ಔಷಧಿಗಳಲ್ಲಿ ವೈವಾಕ್ಸ್ ಮಲೇರಿಯಾಕ್ಕೆ 14 ದಿನ ಕೊಡುವ ಪ್ರೈಮಾಕ್ವಿನ್ ಮೊದಲನೆಯದು. ಈ ಕೊರತೆ ಪತ್ತೆಯಾದದ್ದೇ 1956ರಲ್ಲಿ ಪ್ರೈಮಾಕ್ವಿನ್ ಏಕೆ ಕೆಲವರ ರಕ್ತ ಒಡೆಯುತ್ತದೆ ಎಂದು ಹುಡುಕುವಾಗ. ಕೊರತೆ ಇರುವವರಿಗೆ ವಾರಕ್ಕೊಮ್ಮೆಯಂತೆ 8 ವಾರ, ವೈದ್ಯರ ಕಣ್ಗಾವಲಿನಲ್ಲಿ ಕೊಡುವ ಬೇರೆ ಕ್ರಮವಿದೆ. ಡ್ಯಾಪ್ಸೋನ್, ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫುರಾಂಟೊಯಿನ್, ಮಿಥಿಲೀನ್ ಬ್ಲೂ, ಕ್ಯಾನ್ಸರ್ ಚಿಕಿತ್ಸೆಯ ಜೊತೆ ಬಳಸುವ ರಾಸ್‌ಬ್ಯೂರಿಕೇಸ್ ಇವನ್ನು ದೂರವಿಡಬೇಕು. ಮಂಗನ ಕಾಯಿಲೆಯ ಕಾಲದಲ್ಲಿ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ನಿಗದಿತ ಪ್ರಮಾಣದಲ್ಲಿ ತೊಂದರೆಯಿಲ್ಲ.

ಆಹಾರದಲ್ಲಿ ಬಿಡಬೇಕಾದದ್ದು ಫಾವಾ ಬೀನ್ಸ್, ಉತ್ತರದ ಕಡೆ ಬಾಕ್ಲಾ ಎನ್ನುವ ಕಾಳು. ನಮ್ಮ ಅವರೆಕಾಳು, ಅಲಸಂದೆ, ಹುರುಳಿ ಅದರ ಜಾತಿಯವಲ್ಲ, ಆ ಕಾಳಿನಲ್ಲಿರುವ ವಿಸಿನ್ ಎಂಬ ಅಂಶ ಇವುಗಳಲ್ಲಿ ಇಲ್ಲ; ಬಾಣಂತಿಗೆ ಇವನ್ನೆಲ್ಲ ನಿಲ್ಲಿಸಿ ಪಥ್ಯ ಮಾಡಿಸಬೇಡಿ.

ಆದರೆ ಮನೆಯ ಪೆಟ್ಟಿಗೆಯಲ್ಲಿ ಒಂದು ನಿಜವಾದ ಅಪಾಯ ಕೂತಿರುತ್ತದೆ. ಮಳೆಗಾಲದ ಥಂಡಿಗೆ ಬಟ್ಟೆ ಮುಗ್ಗಲು ಹಿಡಿಯದಿರಲಿ, ನುಸಿ ತಿನ್ನದಿರಲಿ ಎಂದು ಕಂಬಳಿ, ಹಳೆ ಸೀರೆಗಳ ನಡುವೆ ನ್ಯಾಫ್ತಲೀನ್ ಗುಳಿಗೆ ಹಾಕಿಟ್ಟಿರುತ್ತಾರೆ. ಮಗು ಬಂದಾಗ ಅದೇ ಮೆತ್ತನೆಯ ಸೀರೆಯನ್ನು ತೆಗೆದು ತೊಟ್ಟಿಲಿಗೆ ಹಾಸುತ್ತಾರೆ, ಅದೇ ಕಂಬಳಿಯಲ್ಲಿ ಸುತ್ತುತ್ತಾರೆ. ಆ ಆವಿ ಉಸಿರಿನಿಂದಲೂ, ಎಣ್ಣೆ ಹಚ್ಚಿದ ಚರ್ಮದಿಂದಲೂ ಮಗುವಿನ ದೇಹ ಸೇರಿ ರಕ್ತಕಣ ಒಡೆಸುತ್ತದೆ. ಗುಳಿಗೆಗಳನ್ನು ಮನೆಯಿಂದಲೇ ತೆಗೆಯಿರಿ, ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಿಯೇ ಬಳಸಿ. ಮಗುವಿನ ಕೈಕಾಲಿಗೆ ಮದರಂಗಿ ಹಚ್ಚುವುದೂ ಬೇಡ. ಅದರ ಬಣ್ಣದ ಅಂಶದಿಂದ ಈ ಕೊರತೆಯ ಶಿಶುಗಳಲ್ಲಿ ರಕ್ತ ಒಡೆದದ್ದುಂಟು. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಮಾಡಲು ತಂದ ಮೈಲುತುತ್ತವನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಅದು ಹೊಟ್ಟೆಗೆ ಹೋದರೆ ಯಾರದೇ ರಕ್ತಕಣವನ್ನಾದರೂ ಒಡೆಯುತ್ತದೆ, ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ಹಾಗಾದಾಗ ಸಾಮಾನ್ಯವಾಗಿ ಕೊಡುವ ಮದ್ದು ಮಿಥಿಲೀನ್ ಬ್ಲೂ, ಅದು ಜಿ6ಪಿಡಿ ಕೊರತೆಯವರಲ್ಲಿ ಕೆಲಸ ಮಾಡುವುದಿಲ್ಲ, ಇನ್ನಷ್ಟು ಹಾನಿ ಮಾಡುತ್ತದೆ. ತುರ್ತು ಘಟಕದಲ್ಲಿ ಮೊದಲ ನಿಮಿಷದಲ್ಲೇ ಈ ಕೊರತೆಯ ವಿಷಯ ಹೇಳಬೇಕು. ಇದಕ್ಕಾಗಿಯೇ "ಜಿ6ಪಿಡಿ ಕೊರತೆ ಇದೆ" ಎಂದು ಬರೆದ ಚೀಟಿಯನ್ನು ಅಳಿಯನ ತಾಯಿ ಕಾರ್ಡಿನ ಮುಖಪುಟಕ್ಕೇ ಅಂಟಿಸಿ, ಅದರ ಫೋಟೊ ಮನೆಯವರೆಲ್ಲರ ಮೊಬೈಲಿನಲ್ಲಿರಲಿ.

ನಿಮ್ಮ ಪರೀಕ್ಷೆಗೆ ಬೆಳಿಗ್ಗೆ ಖಾಲಿ ಹೊಟ್ಟೆ ಬೇಕಿಲ್ಲ. ಕಳೆದ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿರಬಾರದು, ಆ ಅವಧಿಯಲ್ಲಿ ಕಾಮಾಲೆ ಬಂದಿರಬಾರದು. ಗಂಡಸಾದ್ದರಿಂದ ನಿಮಗೆ ಚುಕ್ಕೆ ಪರೀಕ್ಷೆಯಿಂದಲೇ ಬಹುತೇಕ ಉತ್ತರ ಸಿಗುತ್ತದೆ. ಕೊರತೆ ಎಂದು ಬಂದರೆ ಅಳತೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ. ಸ್ಯಾಂಪಲ್ ಹೊರ ಊರಿನ ಲ್ಯಾಬಿಗೆ ಹೋಗುವುದಾದರೆ ತಣ್ಣಗೆ ಕಳಿಸುತ್ತಾರೆಯೇ ಎಂದು ಕೇಳಿ. ತಂಗಿಯ ಮುಂದಿನ ಬಸಿರಿನಲ್ಲಿ, ಮಗು ಗಂಡಾಗಲಿ ಹೆಣ್ಣಾಗಲಿ, ಹೆರಿಗೆಯಾದ ಮರುದಿನವೇ ಬಿಲಿರುಬಿನ್ ನೋಡಲು ಮತ್ತು ಹೊಕ್ಕುಳಬಳ್ಳಿಯ ರಕ್ತದಿಂದ ಜಿ6ಪಿಡಿ ಪರೀಕ್ಷಿಸಲು ಹೆರಿಗೆ ವೈದ್ಯರಿಗೆ ಮೊದಲೇ ಹೇಳಿಡಿ. ಎರಡನೇ ದಿನಕ್ಕೇ ಮನೆಗೆ ಕರೆತರುವ ಅವಸರ ಮಾಡದೆ, ಕಾಮಾಲೆ ಏರುವ ಮೂರು ನಾಲ್ಕನೇ ದಿನ ಕಳೆಯುವವರೆಗೆ ಆಸ್ಪತ್ರೆಯ ಹತ್ತಿರದಲ್ಲೇ ಇರಲಿ.